ವೃತ್ತದೊಳಗಿನ ಊರು

೧೨ ಜೂನ್ ೨೦೦೬, ಚಾಮರಾಜನಗರ
ಜಿಪಿಎಸ್ ಬ್ಯಾಟರಿ ಮತ್ತೆ ಕೈಕೊಟ್ಟಿತು. ಆದರೂ ಏಳು ಊರು ಮುಗಿದವು. ಇಲ್ಲಿ ಬರಲಿರುವ ಪಿ.ಜಿ. ಸೆಂಟರ್‌ನ ಲೇಡೀಸ್ ಹಾಸ್ಟೆಲಿನಲ್ಲಿ ಯಾವ ಊರಿನವರಿಗೆ ಸೀಟು ಎಂದು ಯೂನಿವರ್ಸಿಟಿ ಕಂಪ್ಯೂಟರ್ ಮ್ಯಾಪ್ ನೋಡಿ ತೀರ್ಮಾನಿಸುತ್ತದೆ. ಮ್ಯಾಪಿಗೆ ಊರೂರು ತಿರುಗಿ ಜಿಪಿಎಸ್‌ನಲ್ಲಿ ಪಾಯಿಂಟ್ ತೆಗೆಯುವವಳು ನಾನು. ಇಡೀ ದಿನ ಮಾತಾಡಿದ್ದು ಕಂಡಕ್ಟರ್‌ಗಳ ಜೊತೆ ಮಾತ್ರ.

೧೯ ಜೂನ್, ಗುಂಡ್ಲುಪೇಟೆ
ಈರುಳ್ಳಿ ಲಾರಿಗಳ ಮಧ್ಯೆ ನಿಂತು ರೀಡಿಂಗ್. ಬ್ಯಾಂಕಿನವರಾ ಎಂದು ಒಬ್ಬರು ಕೇಳಿದರು. ಅಲ್ಲ ಎಂದೆ. ಹೋಗಿಬಿಟ್ಟರು. ಇನ್ನೆರಡು ಮಾತಾಡಬಹುದಿತ್ತು...
ಪ್ರಾಜೆಕ್ಟ್ ಹೆಡ್ ಸುಧಾಕರ್ ಸರ್ ಮೈಸೂರಿನಿಂದ ಫೋನ್ ಮಾಡಿದ್ದರು. ಸೆಂಟರ್ ಸುತ್ತ ಇಪ್ಪತ್ತೈದು ಕಿಲೋಮೀಟರ್ ವೃತ್ತ. ಒಳಗಿನ ಊರಿನವರು ಮನೆಯಿಂದಲೇ ಓಡಾಡಬಹುದು, ಸೀಟಿಲ್ಲ.

೨೭ ಜೂನ್
ಪುಣಜನೂರು. ವೃತ್ತದೊಳಗೆ. ಕುಮಾರಿ ಎಂಬ ಹುಡುಗಿ ಚಾಮರಾಜನಗರದ ಚಿಕ್ಕಮ್ಮನ ಮನೆಯಲ್ಲಿದ್ದು ಬಿ.ಎ. ಮುಗಿಸಿದ್ದಾಳೆ. ಆ ಚಿಕ್ಕಮ್ಮ ಈಗಿಲ್ಲ. ಎಂ.ಎ. ಓದುವ ಆಸೆ. ದಿನಾ ಹೋಗಿ ಬರಬಹುದಲ್ಲ ಎಂದೆ. ಅವಳ ತಾಯಿ ದೊಡ್ಡಮಾದಮ್ಮ ನನ್ನನ್ನೇ ನೋಡಿದರು.
“ಸಂಜೆ ಆದ್ರೆ ರೋಡ್ಗೆ ಆನೆ ಬತ್ತವೆ ಕಣವ್ವ. ಬಸ್ ಇಳ್ದು ಒಬ್ಳೇ ಎಂಗ್ ಬಂದಾಳು?”
ಊಟಕ್ಕೆ ಕೂರಿಸಿದರು. ಮೂವರೂ ಒಟ್ಟಿಗೆ ಉಂಡೆವು. ಜೊತೆಗೆ ಕೂತು ಉಂಡು ಎಷ್ಟು ದಿನವಾಗಿತ್ತು.

೩ ಜುಲೈ, ಮೈಸೂರು
ಸರ್‌ಗೆ ಹೇಳಿದೆ. “ಬಿಂದುಶ್ರೀ, ಕತೆ ಬೇಡ. ಡೇಟಾ ತನ್ನಿ.”
ಸರಿ. ತರುತ್ತೇನೆ.

೧೮ ಜುಲೈ, ಚಾಮರಾಜನಗರ
ಹದಿನೈದು ದಿನ ಬರೆದಿಲ್ಲ. ವಾಚ್ ಹಿಡಿದು ಬಸ್ಸುಗಳಲ್ಲೇ ಇದ್ದೆ. ಕ್ಲಾಸ್ ಬಿಟ್ಟ ಮೇಲೆ ಕತ್ತಲಾಗುವುದರೊಳಗೆ ಮನೆ ಸೇರಲಾಗದ ಊರುಗಳು ವೃತ್ತದೊಳಗೇ ಮೂವತ್ತೊಂದು. ಮ್ಯಾಪಿನಲ್ಲಿ ಎಲ್ಲಕ್ಕೂ ಕೆಂಪು ಬಣ್ಣ ಕೊಟ್ಟು ಸರ್‌ಗೆ ಕಳಿಸಿದೆ.

೨೨ ಜುಲೈ
ಹಾಸ್ಟೆಲ್ ಕಮಿಟಿ ಒಪ್ಪಿತು! ಕೆಂಪು ಊರುಗಳಿಗೂ ಸೀಟು, ಈ ವರ್ಷದಿಂದಲೇ. ಸರ್ ಮ್ಯಾಪನ್ನು ತಮ್ಮ ಹೆಸರಿನಲ್ಲಿ ತೋರಿಸಿದರಂತೆ. ತೋರಿಸಲಿ. ಯಾರಿಗಾದರೂ ಹೇಳಬೇಕೆನಿಸಿತು. ಮೊಬೈಲ್ ತೆಗೆದು ಹೆಸರುಗಳನ್ನು ನೋಡಿ ಮತ್ತೆ ಇಟ್ಟೆ.

೨೪ ಜುಲೈ
ಹಾಸ್ಟೆಲ್ ಫಾರ್ಮ್ ಹಿಡಿದು ಪುಣಜನೂರಿಗೆ ಹೋದೆ. ಕುಮಾರಿ ಇರಲಿಲ್ಲ. ಗಡಿಯಾಚೆಯ ಸತ್ಯಮಂಗಲದಲ್ಲಿ ನರ್ಸಿಂಗ್ ಸೇರಿ ಒಂಬತ್ತು ದಿನ. ಅಲ್ಲಿ ಹಾಸ್ಟೆಲ್ ಇದೆ.
“ತಮಿಳು ಓದಕ್ ಬರಲ್ವಲ್ಲ ಅಂದೆ. ಕಲ್ತ್ಕತೀನಿ ಬುಡವ್ವ ಅಂದ್ಲು,” ಎಂದರು ದೊಡ್ಡಮಾದಮ್ಮ. ಫಾರ್ಮನ್ನು ತಿರುಗಿಸಿ ನೋಡಿ, ಪಕ್ಕದ ಮನೆಯ ಹುಡುಗಿಗೆ ಕೊಡುತ್ತೇನೆಂದು ಇಟ್ಟುಕೊಂಡರು. ಕುಮಾರಿಯ ಅಡ್ರೆಸ್ ಕೊಟ್ಟರು.

೨೫ ಜುಲೈ
ಕುಮಾರಿಗೆ ಕಾಗದ ಬರೆಯಲು ಕೂತೆ. ವಾಪಸ್ ಬಾ ಎನ್ನಲೇ? ಅಲ್ಲೇ ಓದು ಎನ್ನಲೇ? ಎರಡನ್ನೂ ಬರೆದು ಹೊಡೆದುಹಾಕಿದೆ. ಈಗ ಉಳಿದಿರುವುದು ಇಷ್ಟೇ — ‘ಕುಮಾರಿ, ನೀನು ಹೇಗಿದ್ದೀಯ? ನಾನು ಇಲ್ಲಿ...’