ತೊಡೆಗೆ ಉಜ್ಜಿದ ಚೆಂಡು

ಹೈಡೆಲ್‌ಬರ್ಗ್, ೧೨ ಮೇ ೨೦೧೫

ಅಣ್ಣಾ,

ಫೋನಿನಲ್ಲಿ ಹೇಳಲಿಕ್ಕೆ ನಾಚಿಕೆ, ಅದಕ್ಕೇ ಈ ಕಾರ್ಡು. ಭಾನುವಾರ ಮೇಲಿನ ಮನೆಯ ಫೋಗಲ್ ಅಜ್ಜ ಕಾಫಿಗೆ ಕರೆದಿದ್ದರು. ೧೯೫೫ರಲ್ಲಿ ಅವರು ಶಿಕಾಗೋದಲ್ಲಿ ದೊಡ್ಡ ಬೇಸ್‌ಬಾಲ್ ಮ್ಯಾಚ್ ನೋಡಲಿಕ್ಕೆ ಹೋಗಿದ್ದರಂತೆ. ಚೆಂಡು ಜನರ ನಡುವೆ ಬಂತು, ಪಕ್ಕದಲ್ಲಿ ಕೂತ ಹುಡುಗಿ ಹಿಡಿದಳು. ಅಲ್ಲಿ ಹಿಡಿದವರಿಗೇ ಚೆಂಡು, ನಮ್ಮ ಕ್ರಿಕೆಟಿನ ಹಾಗೆ ವಾಪಸ್ ಎಸೆಯಲಿಕ್ಕಿಲ್ಲ. ಹೊಡೆದವನೇ ಅದಕ್ಕೆ ಶಾಯಿಯಲ್ಲಿ ಸಹಿ ಹಾಕಿಕೊಟ್ಟನಂತೆ. ಅಜ್ಜ ಆ ಹುಡುಗಿಯನ್ನೇ ಮದುವೆಯಾದರು. ಆ ಅಜ್ಜಿ ತೀರಿಹೋಗಿ ಈಗ ಎರಡು ವರ್ಷ.

ಚೆಂಡನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟರು. ಕತೆ ಕೇಳುತ್ತಾ ನಾನೆಂತ ಮಾಡಿದೆ ಗೊತ್ತುಂಟಾ? ಬೌಲಿಂಗಿಗೆ ಮೊದಲು ನೀನು ಕಲಿಸಿದ ಹಾಗೆಯೇ ಎಂಜಲು ಹಚ್ಚಿ, ಹಾಕಿಕೊಂಡಿದ್ದ ಬಿಳಿ ಪ್ಯಾಂಟಿನ ತೊಡೆಗೆ ಗಸಗಸ ಉಜ್ಜಿದೆ. ಸಹಿ ಹೋಯಿತು ಮಾರಾಯ! ಅಜ್ಜ ಕಲೆಯಾದ ಬದಿ ಹಿಂದೆ ಮಾಡಿ ಪೆಟ್ಟಿಗೆಯಲ್ಲಿಟ್ಟು, ನನಗೆ ಇನ್ನೊಂದು ತುಂಡು ಕೇಕ್ ಹಾಕಿದರು.

ಇಲ್ಲಿ ಕೆಲಸ ಮಾಡಲಿಕ್ಕೆ ಬೇಕಾದ ಬ್ಲೂ ಕಾರ್ಡ್ ಬಂತು, ನೆಗಡಿ ವಾಸಿಯಾಯಿತು. ಅಮ್ಮನಿಗೆ ಇಷ್ಟೇ ಹೇಳು. ಆ ಬಿಳಿ ಪ್ಯಾಂಟ್ ಒಗೆಯಲಿಕ್ಕೆ ಮನಸ್ಸು ಬರುವುದಿಲ್ಲ ಅಣ್ಣಾ. ಆ ಸಹಿಯ ಶಾಯಿ ಈಗ ಇರುವುದು ಅದರಲ್ಲಿ ಮಾತ್ರ.

ನಿನ್ನ ತಂಗಿ
ಶರ್ಮಿಳಾ