ಸಿಡಿಯ ಮೇಲಿನ ವಿಭೂತಿ

ಹೊನ್ನಗುಡ್ಡ
ಫೆಬ್ರವರಿ ೩೦, ೨೧೭೮

ಸಿಡಿ ಡ್ರೈವ್ ಇನ್ನೂ ತಿರುಗುತ್ತಿರುವ ಕಾಲದ ಜನರಿಗೆ,

ದಿನಾಂಕ ತಪ್ಪಿಲ್ಲ. ತಿಂಗಳುಗಳನ್ನು ನಾವು ಸರಿಮಾಡಿಕೊಂಡು ಬಹಳ ಕಾಲವಾಯಿತು. ನೀವು ಸೊಟ್ಟಗೆ ಬಿಟ್ಟುಹೋದ ಸಂಗತಿಗಳಲ್ಲಿ ನೆಟ್ಟಗಾಗಲು ಒಪ್ಪಿದ್ದು ಅದೊಂದೇ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ, ನಿಮ್ಮಂತೆಯೇ ಬರೆಯಲು ಪ್ರಯತ್ನಿಸಿದ್ದೇನೆ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ಈ ಕಾಗದ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಹೋಗುವ ಟಪಾಲನ್ನು ನಾವು ಹಾಗೆ ಕರೆಯುತ್ತೇವೆ. ಅದರಲ್ಲಿ ಮಾತು ಹೋಗುತ್ತದೆ, ವಸ್ತು ಹೋಗುವುದಿಲ್ಲ. ಯಾರ ಕೈಗೆ ಸಿಗಬೇಕೆಂಬುದನ್ನು ಕಳಿಸುವವರು ಆರಿಸುವಂತಿಲ್ಲ. ಒಂದು ತಲೆಮಾರಿನಲ್ಲಿ ಒಂದು ಊರಿಗೆ ಒಂದೇ ಕಾಗದ. ಹಾಗಾಗಿ ಏನು ಬರೆಯಬೇಕೆಂದು ಊರೆಲ್ಲ ಕೂತು ಜಗಳವಾಡಿತು. ಗಿಡ ಕಡಿಯಬೇಡಿ ಎಂದು ಬರೆಯೋಣ ಎಂದರು ಕೆಲವರು. ಚಿನ್ನ ಅಗೆಯಬೇಡಿ ಎಂದು ಬರೆಯೋಣ ಎಂದರು ಇನ್ನು ಕೆಲವರು. ನಾನು ಎದ್ದು ನಿಂತು, ಅದನ್ನೆಲ್ಲ ಅವರ ಕಾಲದವರೇ ಅವರಿಗೆ ಚೆನ್ನಾದ ಗದ್ಯದಲ್ಲಿ ಹೇಳಿದ್ದಾರೆ, ಅವರು ತಲೆದೂಗಿ ಪುಸ್ತಕ ಮುಚ್ಚಿಟ್ಟಿದ್ದಾರೆ ಎಂದೆ. ನಿಮ್ಮಂಥವರಿಗೆ ದೊಡ್ಡದನ್ನು ಕೇಳಿ ಉಪಯೋಗವಿಲ್ಲ. ಇಲ್ಲವೆನ್ನಲು ನಾಚಿಕೆಯಾಗುವಷ್ಟು ಚಿಕ್ಕದನ್ನೇ ಕೇಳಬೇಕು.

ನಾವು ತಗ್ಗುಮನೆಗಳಲ್ಲಿ ಇರುತ್ತೇವೆ. ಬಿಸಿಲಿಗೆ ಹೆದರಿ ನೆಲದೊಳಗೆ ತೋಡಿಕೊಂಡ ಮನೆಗಳಿವು. ಮಾಳಿಗೆ ಬೀದಿಯ ಮಟ್ಟಕ್ಕಿರುತ್ತದೆ, ಅದರ ಮೇಲೆ ಜೋಳ ಒಣಗಿಸುತ್ತೇವೆ, ಮೆಟ್ಟಿಲಿಳಿದರೆ ಪಡಸಾಲೆ. ಗಾಳಿಗೆ ಮಣ್ಣಿನ ಕೊಳವೆಗಳಿವೆ. ಹಲ್ಲಿ ಇಳಿಯದಂತೆ ಅವುಗಳ ಬಾಯಿಗೆ ಅರಿವೆ ಕಟ್ಟುತ್ತೇವೆ. ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮುಚ್ಚುಹೊತ್ತು. ಆಗ ಯಾರೂ ಮೇಲೆ ಬರುವುದಿಲ್ಲ. ಕೆಳಗೇ ಅಡುಗೆ, ಕೆಳಗೇ ಶಾಲೆ. ಯಾರದೋ ಮಾಳಿಗೆಯ ಮೇಲೆ ಮಕ್ಕಳು ಓಡಿದರೆ ಒಳಗಿನವರು ಕೋಲಿನಿಂದ ಮಾಳಿಗೆಗೆ ಕುಟ್ಟಿ ಬೈಯುತ್ತಾರೆ. ಹೊಸ ಮನೆಗೆ ಗುದ್ದಲಿ ಹಾಕುವ ಮೊದಲು ಒನಕೆಯಿಂದ ನೆಲ ಬಡಿದು, ಸದ್ದು ಕೇಳಿ, ಆಮೇಲೆ ಕಾಯಿ ಒಡೆಯುತ್ತೇವೆ. ಹೀಗೆ ನಮಗೆ ನೆಲವೇ ಗೋಡೆ, ನೆಲವೇ ತಲೆಯ ಮೇಲಿನ ಸೂರು. ಆದರೆ ಒನಕೆಯ ಸದ್ದು ಬಹಳ ಆಳಕ್ಕೆ ಹೋಗುವುದಿಲ್ಲ. ಆ ಆಳದಲ್ಲಿ ನೀವು ಚಿನ್ನ ತೆಗೆದು ಟೊಳ್ಳು ಮಾಡಿಟ್ಟ ಸುರಂಗಗಳಿವೆ.

ಸುರಂಗಗಳು ಎಲ್ಲಿವೆ ಎಂಬುದು ನಿಮಗೆ ಗೊತ್ತಿತ್ತು. ನಿಮ್ಮ ಗಣಿ ಕಚೇರಿಯವರು ಅವನ್ನೆಲ್ಲ ಅಳೆದು ಕಂಪ್ಯೂಟರಿಗೆ ಏರಿಸಿ, ಹಾಳೆಯ ನಕ್ಷೆಗಳನ್ನು ರದ್ದಿಗೆ ಹಾಕಿದರು. ನಕ್ಷೆ ತೆರೆಯುವ ಪ್ರೋಗ್ರಾಮ್ ಒಂದು ಸಿಡಿಯಲ್ಲಿ ಬಂದಿತ್ತು. ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡರೂ ಸಾಲದು; ತೆರೆದಾಗಲೆಲ್ಲ ಅದೇ ಸಿಡಿ ಡ್ರೈವಿನಲ್ಲಿರಬೇಕು, ಇಲ್ಲದಿದ್ದರೆ ನಕ್ಷೆಯ ಬೀಗ ತೆಗೆಯುವುದಿಲ್ಲ. ಕೊಂಡವರನ್ನೇ ಕಳ್ಳರೆಂದು ದಿನಾ ತಪಾಸಣೆ ಮಾಡುವ ಏರ್ಪಾಡು ಅದು. ಅದನ್ನು ನೀವು ಸಹಿಸಿಕೊಂಡಿರಿ. ಆಮೇಲೆ ಬಂದ ಲ್ಯಾಪ್‌ಟಾಪುಗಳಿಂದ ಡ್ರೈವನ್ನೇ ತೆಗೆದುಹಾಕಿ, ಎಷ್ಟು ತೆಳ್ಳಗಾಯಿತೆಂದು ಮೆಚ್ಚಿಕೊಂಡಿರಿ. ಬೀಗ ಹಾಕಿದವರೂ ನೀವೇ, ಬೀಗದ ಕೈ ತೂರುವ ಕಿಂಡಿಯನ್ನು ಮುಚ್ಚಿದವರೂ ನೀವೇ.

ಗಣಿ ಕಚೇರಿಯ ಆ ಹಳೆಯ, ಡ್ರೈವ್ ಇರುವ ಲ್ಯಾಪ್‌ಟಾಪ್ ನಮ್ಮ ಪಂಚಾಯ್ತಿ ಮನೆಯಲ್ಲಿದೆ. ಅದರ ಬ್ಯಾಟರಿ ನಮ್ಮದು, ತೆರೆ ನಮ್ಮದು. ಒಳಗಿನ ನೆನಪನ್ನು ತಲೆಮಾರಿಗೊಮ್ಮೆ ಹೊಸ ಚಿಪ್ಪಿಗೆ ಇಳಿಸುತ್ತ ಬಂದಿದ್ದೇವೆ. ಸಿಡಿಯನ್ನು ಮಾತ್ರ ಮುಟ್ಟಲಿಲ್ಲ. ಅದು ಊರನ್ನು ಕಾಯುವ ವಸ್ತು ಎಂದು ಹಿರಿಯರು ಹೇಳಿದ್ದರು. ಅದಕ್ಕೇ ಪಂಚಾಯ್ತಿ ಮನೆಯ ಜಗಲಿಯ ಮೇಲೆ ಬೆಳ್ಳಿ ತಟ್ಟೆಯಲ್ಲಿಟ್ಟು, ಪ್ರತಿ ಆಯುಧಪೂಜೆಗೆ ನಡುವಿನ ತೂತಿನ ಸುತ್ತ ಕುಂಕುಮ ಹಚ್ಚಿ, ಮೇಲೆ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಿನಿಂದ ಎಳೆದು ಪೂಜೆ ಮಾಡುತ್ತ ಬಂದೆವು.

ಕಳೆದ ಮಹಾನವಮಿ ಮುಗಿದ ವಾರ, ಬನ್ನಿಗಿಡದ ಓಣಿಯಲ್ಲಿ ಎರಡು ತಗ್ಗುಮನೆಗಳು ಇನ್ನೂ ಕೆಳಗೆ ಹೋದವು. ಮನೆಯವರು ನೀರಿಗೆ ಹೋಗಿದ್ದರಿಂದ ಉಳಿದರು. ಕಟ್ಟಿದ ಆಡುಗಳು ಹೋದವು; ಮರುದಿನದವರೆಗೂ ಕೆಳಗಿನಿಂದ ಅವುಗಳ ಕೂಗು ಕೇಳುತ್ತಿತ್ತು. ಬಿರುಕು ಪಕ್ಕದ ಹೊನ್ನೂರಬಿಯ ಗೋಡೆಗೆ ಬಂದು ನಿಂತಿತು. ಹೊನ್ನೂರಬಿ ಮಾವನೊಂದಿಗೆ ಇರುವವಳು; ಆ ಮುದುಕ ಹಾಸಿಗೆ ಬಿಟ್ಟು ಏಳಲಾರ. ಓಣಿಯವರೆಲ್ಲ ಬೇರೆ ಕಡೆ ತೋಡಿಕೊಳ್ಳಬೇಕಾಯಿತು. ಮೂಡಣಕ್ಕೆ ಗುಡ್ಡದ ಬುಡ, ಪಡುವಣಕ್ಕೆ ಬತ್ತಿದ ಕೆರೆಯ ಅಂಗಳ. ಯಾವುದರ ಕೆಳಗೆ ಟೊಳ್ಳು, ಯಾವುದರ ಕೆಳಗೆ ಗಟ್ಟಿ? ಅದನ್ನು ನಕ್ಷೆಯೇ ಹೇಳಬೇಕು.

ಯಂತ್ರ ರಿಪೇರಿ ಮಾಡುವ ಹನುಮೇಶ ಲ್ಯಾಪ್‌ಟಾಪ್ ತೆರೆದು ಕೂತ. ತನಗೆ ಗೊತ್ತಿಲ್ಲದ್ದು ಭೂಮಿಯ ಮೇಲಿಲ್ಲ ಎಂದುಕೊಂಡಿರುವವನು ಅವನು.

"ಪ್ರೋಗ್ರಾಮ್ ಚಾಲೂ ಅದ, ನಕ್ಷಾ ಒಳಗ ಅದ," ಎಂದ. "ಆದ್ರ ಇದು ಸಿಡಿ ಕೇಳ್ತದ."

"ಕೊಡು ಮತ್ತ," ಎಂದಳು ಹೊನ್ನೂರಬಿ. "ಜಗಲಿ ಮ್ಯಾಲ ಕುಂತದಲ್ಲ, ಕೈಲಾಸಕ್ಕೇನ್ ಹೋಗಿಲ್ಲ."

"ಎಲ್ಲಿ ಕೊಡ್ಲಿ ಬೇ? ಡ್ರೈವಿಗಿ ಬಾಯಿ ಅದ, ಕಣ್ಣಿಲ್ಲ. ಓದೋ ಬೆಳಕು ಸತ್ತು ಎಷ್ಟು ಕಾಲ ಆತೋ."

"ಎಲ್ಲಾ ಗೊತ್ತದ ಅಂತಿದ್ದಿ."

"ಸತ್ತದ್ದು ಅಂತ ಗೊತ್ತದ."

ಬೀಗ ಮುರಿಯಲು ವಾರಗಟ್ಟಲೆ ಹೆಣಗಿದ. ಬಂದದ್ದು ಅಂಕಿಗಳ ರಾಶಿ. ಆಮೇಲೆ ಡ್ರೈವ್ ಹುಡುಕುತ್ತ ಊರೂರು ಅಲೆದ. ನೀವು ಲಾರಿಗಟ್ಟಲೆ ಬಿಸಾಡಿದ ವಸ್ತು, ಸಿಗಬೇಕಲ್ಲ ಎನ್ನಬಹುದು. ತಾಮ್ರಕ್ಕಾಗಿ ಅವನ್ನು ಒಡೆದು ಮುಗಿಸಿದ್ದೀರಿ. ಸಿಡಿಗಳಾದರೆ ಇವತ್ತಿಗೂ ಮಣ್ಣಲ್ಲಿ ಸಿಗುತ್ತವೆ, ಏಕೆಂದರೆ ಅವಕ್ಕೆ ದಾರ ಪೋಣಿಸಿ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿದ್ದಿರಿ. ಯಾವುದರಲ್ಲಿ ಯಾರ ಮದುವೆ ಇತ್ತೋ, ಯಾವುದರಲ್ಲಿ ಯಾವ ಊರಿನ ನಕ್ಷೆ ಇತ್ತೋ. ಅದರ ಪ್ರಯೋಜನ ನಿಮಗಿಂತ ಚೆನ್ನಾಗಿ ತಿಳಿದದ್ದು ಗಿಳಿಗಳಿಗೆ.

ಕೊನೆಗೆ ಸಿಂಧನೂರಿನ ಒಬ್ಬ ಮುದುಕಿಯ ಪೆಟ್ಟಿಗೆಯಲ್ಲಿ, ವೈರಿನಿಂದ ಹೊರಗೇ ಜೋಡಿಸುವ ಒಂದು ಡ್ರೈವ್ ಸಿಕ್ಕಿತು. ಹನುಮೇಶ ಅದನ್ನು ಎದೆಗವಚಿಕೊಂಡು ತಂದ. ಊರೆಲ್ಲ ಮೆಟ್ಟಿಲ ಮೇಲೆ ಕೂತಿತು. ಪಂಚಾಯ್ತಿಯ ಹಿರಿಯರಾದ ಅಮರಗುಂಡಪ್ಪನವರು ಸ್ನಾನ ಮಾಡಿ ಬಂದು, ಕೈಮುಗಿದು, ತಟ್ಟೆಯಿಂದ ಸಿಡಿಯನ್ನೆತ್ತಿ, ಧೋತರದ ಚುಂಗಿನಿಂದ ವಿಭೂತಿ ಒರೆಸಿ ಕೊಟ್ಟರು. ಸಿಡಿ ತಿರುಗಿತು. ಗುಂಯ್ ಎಂದಿತು, ತಡವರಿಸಿತು, ನಿಂತಿತು. ಮತ್ತೆ ಹಾಕಿದರೆ ಮತ್ತೆ ನಿಂತಿತು. ಮುದುಕಿಯ ಪೆಟ್ಟಿಗೆಯಲ್ಲೇ ಇದ್ದ ಇನ್ನೊಂದು ಸಿಡಿ ಹಾಕಿದಾಗ ಡ್ರೈವ್ ಯಾರದೋ ನಾಮಕರಣದ ಹಾಡನ್ನು ಸಲೀಸಾಗಿ ಹಾಡಿತು.

ಹನುಮೇಶ ನಮ್ಮ ಸಿಡಿಯನ್ನು ಬಿಸಿಲಿಗೆ ಹಿಡಿದ. ಅದರ ಮೈಯಲ್ಲಿ ಅಡ್ಡಡ್ಡ ಮೂರು ಗೆರೆಗಳಲ್ಲಿ ಬೆಳಕು ಈಚೆಗೆ ಬರುತ್ತಿತ್ತು. ಸಿಡಿಯ ಬೆಳ್ಳಿ ಮೈ ಇರುವುದು ಚಿತ್ರ ಅಂಟಿಸಿದ ಮೇಲುಭಾಗದಲ್ಲೇ, ತೆಳುವಾದ ಬಣ್ಣದಡಿ. ಒದ್ದೆ ಬೂದಿಯ ಕ್ಷಾರ ವರ್ಷ ವರ್ಷವೂ ಅದನ್ನು ತಿಂದುಹಾಕಿತ್ತು.

"ಇದು ನಿಮ್ಮ ಬೆರಳು, ಯಜಮಾನ್ರ," ಎಂದ ಹನುಮೇಶ.

ಅಮರಗುಂಡಪ್ಪನವರು ಆ ಗೆರೆಗಳ ಮೇಲೆ ತಮ್ಮ ಮೂರು ಬೆರಳಿಟ್ಟು ನೋಡಿದರು. "ನಮ್ಮಪ್ಪನ ಬೆರಳು," ಎಂದರು. "ಅವರಪ್ಪನ ಬೆರಳು. ತಪ್ಪಬಾರ್ದು ಅಂತ ನಾ ಅದರ ಮ್ಯಾಲೇ ಎಳೀತಿದ್ದೆ."

ಹೊನ್ನೂರಬಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಭಕ್ತಿ ಮಾಡಿದ್ರಿ, ಕಾಪಿ ಮಾಡ್ಲಿಲ್ಲ," ಎಂದು ಮನೆಗೆ ನಡೆದಳು.

ನಮ್ಮ ಪಾಲಿನ ದಡ್ಡತನ ನಮ್ಮದು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಒಂದು ಪ್ರೋಗ್ರಾಮಿನ ಸಿಡಿ ದೇವರಾದದ್ದು ಹೇಗೆ ಎಂದು ಕೇಳುತ್ತೇನೆ. ಮನೆಗೊಂದು ಇದ್ದಿದ್ದರೆ ಅದನ್ನು ಯಾರು ಪೂಜಿಸುತ್ತಿದ್ದರು? ಅದನ್ನು ಒಂದೇ ಒಂದಾಗಿ ಉಳಿಸಿದವರು ನೀವು. ನಿಮ್ಮ ಕಾಲದ ಕೈಪಿಡಿಗಳನ್ನು ಓದಿದ್ದೇನೆ. ಡ್ರೈವ್ ಸರಿಯಿರುವ ಯಾವುದಾದರೂ ಕಂಪ್ಯೂಟರಿನಲ್ಲಿ ಸಿಡಿಯ ಪಡಿಯಚ್ಚನ್ನು ಒಂದೇ ಫೈಲಾಗಿ ಇಳಿಸಿಕೊಂಡು, ಪೆನ್‌ಡ್ರೈವಿನಲ್ಲಿ ಡ್ರೈವಿಲ್ಲದ ಲ್ಯಾಪ್‌ಟಾಪಿಗೆ ಕೊಟ್ಟರೆ, ಎಷ್ಟೋ ಪ್ರೋಗ್ರಾಮುಗಳು ಅದನ್ನೇ ನಿಜವಾದ ಸಿಡಿ ಎಂದು ನಂಬುತ್ತಿದ್ದವು. ಪಕ್ಕದ ಮೇಜಿನ ಡ್ರೈವನ್ನು ನೆಟ್‌ವರ್ಕಿನಲ್ಲಿ ಎರವಲು ಪಡೆಯಬಹುದಿತ್ತು. ನಂಬದ ಬೀಗವಾದರೆ, ಡ್ರೈವ್ ತಿರುಗುತ್ತಿದ್ದಾಗಲೇ ನಕ್ಷೆಯನ್ನು ತೆರೆದು ಬೀಗವಿಲ್ಲದ ಬೇರೊಂದು ಫೈಲಿಗೆ ಇಳಿಸಿಡಬಹುದಿತ್ತು, ಹಾಳೆಗೆ ಅಚ್ಚು ಹಾಕಿಸಬಹುದಿತ್ತು. ಒಂದು ಚಹಾ ಆರುವಷ್ಟು ಹೊತ್ತಿನ ಕೆಲಸ. ಅದನ್ನು ಮಾಡದೆ ಚಹಾ ಕುಡಿದಿರಿ. 'ಸಿಡಿಯಲ್ಲಿದೆ, ಭದ್ರವಾಗಿದೆ' ಎಂದಿರಿ. ನಕಲು ಮಾಡಬಾರದೆಂದು ಮಾರಿದವರು ಬರೆದಿದ್ದಾರಲ್ಲ ಎಂದಿರಿ. ಸಂಚಾರದ ದೀಪ ಕೆಂಪಾದಾಗ ನಿಲ್ಲದ ಜನ, ಊರಿನ ನೆಲದ ವಿಷಯಕ್ಕೆ ಬಂದಾಗ ಮಾತ್ರ ಕಾಯಿದೆಗೆ ತಲೆಬಾಗಿದಿರಿ.

ನಾವು ಕೈಯೆತ್ತಿ ಎಣಿಸಿ ಪಡುವಣವನ್ನು ಆರಿಸಿಕೊಂಡೆವು. ಗುಡ್ಡವಿದ್ದಲ್ಲಿ ಚಿನ್ನ, ಕೆರೆಯಿದ್ದಲ್ಲಿ ಮಣ್ಣು ಎಂಬ ಊಹೆಗಿಂತ ಹೆಚ್ಚಿನ ಆಧಾರ ನಮಗಿರಲಿಲ್ಲ. ಹೊನ್ನೂರಬಿ ಅಲ್ಲಿ ತೋಡಿದಳು. ಮಾವನನ್ನು ಮಂಚದ ಸಮೇತ ಹೊತ್ತು ತಂದೆವು. ನನ್ನ ಮನೆಯೂ ಈಗ ಅವಳ ಪಕ್ಕದಲ್ಲೇ. ಆ ಮುದುಕ ಮಂಚದ ಮೇಲೆ ಮಲಗಲು ಒಪ್ಪುವುದಿಲ್ಲ. ನೆಲದ ಮೇಲೆ ಬರಿಮೈಯಲ್ಲಿ ಮಲಗಿ, ಕಿವಿಯನ್ನು ಮಣ್ಣಿಗೆ ಒತ್ತಿಕೊಂಡಿರುತ್ತಾನೆ. ಸೊಸೆ ರೊಟ್ಟಿ ತಟ್ಟಲು ಶುರುಮಾಡಿದರೆ ಕೈಯೆತ್ತಿ ನಿಲ್ಲಿಸುತ್ತಾನೆ, ಒಮ್ಮೆ ಆಲಿಸಿ, ಆಮೇಲೆ ತಟ್ಟು ಎಂದು ಸನ್ನೆ ಮಾಡುತ್ತಾನೆ.

ಇಷ್ಟು ಬರೆದು ಹೊನ್ನೂರಬಿಗೆ ಓದಿ ಹೇಳಿದೆ. ಇನ್ನೇನಾದರೂ ಸೇರಿಸಬೇಕೇ ಎಂದು ಕೇಳಿದೆ.

"ಭಾಳ ಬೈದಿ ಅಕ್ಕಾ. ಬೈದ್ರ ಓದೋದು ಬಿಡ್ತಾರ," ಎಂದಳು. ಮತ್ತೆ ಹೇಳಿದಳು: "ನಿಮ್ಮ ಕಪಾಟಿನ್ಯಾಗ ಅಂಥಾದ್ದೊಂದು ಇದ್ದೇ ಇರ್ತದ, ತೆಗೀರಿ ಅಂತ ಬರಿ. ಡ್ರೈವ್ ಇದ್ದವರ ಮನಿಗಿ ಇವತ್ತೇ ಹೋಗಿ ಕಾಪಿ ಮಾಡ್ಕೋರಿ ಅನ್ನು. ಯಾರರೆ ಒಬ್ಬರು ಮಾಡಿದ್ರ, ನಮ್ಮ ಮಾವ ಮಂಚದ ಮ್ಯಾಲ ಮಲಗ್ತಾನ."

ಬೈದದ್ದನ್ನು ನಾನು ಅಳಿಸಿಲ್ಲ. ಅವಳು ಹೇಳಿದ್ದನ್ನು ಮಾಡಿ.

ದಾಕ್ಷಾಯಣಿ ಮುದಗಲ್
ಪಡುವಣ ಓಣಿ, ಹೊನ್ನಗುಡ್ಡ