ಅಕ್ಕಿ ಡಬ್ಬಿಯೊಳಗಿನ ಖರ್ಜೂರ

ನೂರೀನ್,

ನಾನು ಹರಿಹರಕ್ಕೆ ಹೊರಟೆ. ಅಮ್ಮಿ ಎದ್ದ ಕೂಡಲೇ ಶುಗರ್ ಚೆಕ್ ಮಾಡು, ಮರೀಬ್ಯಾಡ. ಆ ಕಾಲಿನ ಗಾಯ ಇನ್ನೂ ಮಾಯ್ದಿಲ್ಲ.

ಡಾಕ್ಟ್ರು ಅಮ್ಮಿಗೆ ದಿನಕ್ಕೊಂದು ತಿನ್ನಬಹುದು ಅಂದಿದ್ದು ಕಚ್ಚಿದ್ರೆ ಕಟುಂ ಅನ್ನೋ ಹಳದಿ ಖರ್ಜೂರ. ಅಮ್ಮಿ ಅದನ್ನ ಕಾಯಿ ಅಂದ್ಕೊಂಡು ಮಾವಿನಕಾಯಿ ಥರ ಅಕ್ಕಿ ಡಬ್ಬೀಲಿ ಹಣ್ಣಿಗೆ ಹಾಕ್ಯಾಳೆ! ಒಗರು ಹೋಗಿ, ಮೆತ್ತಗಾಗಿ, ಸಕ್ಕರೆ ಏರಿ ಕುಂತೈತೆ. ಅವಳ ಲೆಕ್ಕದಾಗೆ ಮಾತ್ರ ಅದು ಇನ್ನೂ ಡಾಕ್ಟ್ರು ಹೇಳಿದ ಹಣ್ಣೇ.

ನಿನ್ನೆ ಬೈದ್ರೆ, "ನನಗಲ್ಲ ಬೇಟಾ, ಬಸುರಿ ನೂರೀನ್‌ಗೆ ಮೆತ್ತಗಿರಲಿ ಅಂತ ಇಟ್ಟೀನಿ" ಅಂದ್ಳು.

ಆ ಖರ್ಜೂರ ಎಲ್ಲಾ ನಿನ್ನ ಬೀರುವಿನಾಗೆ ಇಟ್ಟೀನಿ. ಬಾಗಿಲು ಹಾಕ್ಕೊಂಡು ಒಬ್ಬಳೇ ತಿನ್ನು. ಅಮ್ಮಿ ಮುಂದೆ ಕುಂತ್ರೆ, ಅರ್ಧ ಮುರಿದು ಅವಳ ಬಾಯಿಗಿಡದೆ ನೀನು ಇರೋಳಲ್ಲ.

ನುಜತ್ ಆಪಾ